ಅಕ್ಕಪಕ್ಕದ ಕಿಟಕಿಯಿಂದ ಅಂಗೈಯ ಪರದೆಗೆ: ಗಡಿನಾಡಿನ ಬೈಬಲ್ ಓದು

ಹಿಂದೂಪುರದ ನಮ್ಮ ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತೆಲುಗು. ಎರಡೂ ಭಾಷೆಯ ಬೈಬಲನ್ನು ಹೋಲಿಸಿ ನೋಡೋದು ನನ್ನ ಅಧ್ಯಯನ.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ಕನ್ನಡ ಅನುವಾದ ಕೈಗೊಂಡರು. ಆಗ ನಮ್ಮ ಸೀಮೆಯೂ ಬಳ್ಳಾರಿಗೇ ಸೇರಿತ್ತು. ಅನಂತಪುರ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ.

ಇನ್ನು ತಂತ್ರಾಂಶದ ಮಾತು. 2000ದಲ್ಲಿ ಬಂದ ಇ-ಸ್ವೋರ್ಡ್ ವಿಂಡೋಸ್ ಕಂಪ್ಯೂಟರಿಗೆ ಮಾಡಿದ್ದು: ಪಠ್ಯ, ನಿಘಂಟು, ವ್ಯಾಖ್ಯಾನ, ಟಿಪ್ಪಣಿ ಎಲ್ಲ ಅಕ್ಕಪಕ್ಕದ ಕಿಟಕಿಗಳಲ್ಲಿ. 2008ರಲ್ಲಿ ಮೊಬೈಲಿಗೆ ಬಂದ ಯೂವರ್ಷನ್ ಓದುಗರಿಗಾಗಿ ಮಾಡಿದ್ದು: ಒಮ್ಮೆಗೆ ಒಂದು ಅಧ್ಯಾಯ, ಮುಂದೆ ಧ್ವನಿಯೂ ಸೇರಿತು. ಕಲ್ಯಾಣದುರ್ಗದ ನಮ್ಮಜ್ಜಿಗೆ ಕಣ್ಣು ಮಂಜು, ಫೋನಲ್ಲೇ ಕೇಳ್ತಾರೆ. ಕಂಪ್ಯೂಟರ್ ಅವರ ಮನೆಗೆ ಬರಲೇ ಇಲ್ಲ.

ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ಗುಂಡಿಯಿದೆ, ನಾನೇ ಬಿದ್ದೆ. ಫೋನಿನಿಂದ ವಚನ ನಕಲಿಸಿ ಹಳೆಯ ಅನುವಾದವೆಂದು ಪ್ರಬಂಧದಲ್ಲಿ ಬರೆದೆ. ಅದು ಪರಿಷ್ಕೃತ ಪಠ್ಯ. ಸಣ್ಣ ಪರದೆಯಲ್ಲಿ ಅನುವಾದದ ಹೆಸರು ಬರೀ ಸಂಕ್ಷೇಪಾಕ್ಷರ, ವಿವರ ಬೇರೆ ಪುಟದಲ್ಲಿ. ದೊಡ್ಡ ಪರದೆಯಲ್ಲಿ ಎರಡು ಪಠ್ಯ ಪಕ್ಕಪಕ್ಕ ಇಟ್ಟಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳ್ತಿತ್ತು.

ಅಜ್ಜಿಗೆ ವಚನ ಸಾಕು. ನಮಗೆ ಅದು ಯಾವ ವರ್ಷದ್ದು ಅನ್ನೋದೂ ಬೇಕು.