ಸ್ತ್ರೀರೋಗ ಶಸ್ತ್ರಚಿಕಿತ್ಸೆಯಲ್ಲಿ ಮುಂಚಿತ ನೋವುನಿವಾರಣೆ: ಇತಿಹಾಸ

ಗರ್ಭಕೋಶ, ಅಂಡಾಶಯ ಮೊದಲಾದವುಗಳ ಶಸ್ತ್ರಚಿಕಿತ್ಸೆಗೆ ಮೊದಲೇ ಔಷಧ ಕೊಟ್ಟು, ಆನಂತರದ ನೋವನ್ನು ತಗ್ಗಿಸುವ ಕ್ರಮವಿದು. ಇದರ ಮೂಲ ಕಲ್ಪನೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಅವರದು. ಅರಿವಳಿಕೆಯಲ್ಲಿ ರೋಗಿ ನಿದ್ರಿಸುತ್ತಿದ್ದರೂ ಗಾಯದ ಸಂಕೇತಗಳು ಮಿದುಳನ್ನು ತಲುಪಿ ಹಾನಿ ಮಾಡುತ್ತವೆ ಎಂದು 1913ರಲ್ಲಿ ಅವರು ವಾದಿಸಿದರು. ಮೊದಲೇ ಮಾರ್ಫಿನ್ ಕೊಟ್ಟು, ಕತ್ತರಿಸುವ ಜಾಗವನ್ನು ಮರಗಟ್ಟಿಸುವುದು ಅವರ ಪದ್ಧತಿ. ಅವರು ತಡೆಯಹೊರಟದ್ದು ಮುಖ್ಯವಾಗಿ ಶಾಕ್ (ರಕ್ತಪರಿಚಲನೆ ಕುಸಿಯುವ ಸ್ಥಿತಿ) ಅನ್ನು, ನೋವನ್ನಲ್ಲ. ಹಾಗಾಗಿ ನೋವಿನ ಪ್ರಶ್ನೆ ಎಪ್ಪತ್ತು ವರ್ಷ ಹಾಗೆಯೇ ಉಳಿಯಿತು.

1983ರಲ್ಲಿ ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ ಇಲಿಗಳ ಮೇಲೆ ನಡೆಸಿದ ಪ್ರಯೋಗ ಅದಕ್ಕೆ ಜೀವ ಕೊಟ್ಟಿತು. ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಕೆರಳಿ, ಸಣ್ಣ ಸ್ಪರ್ಶಕ್ಕೂ ನೋವೆನ್ನುವ ಸ್ಥಿತಿಗೆ ಬರುತ್ತವೆ ಎಂದು ಅವರು ತೋರಿಸಿದರು. ಹಾಗಾದರೆ ಕೆರಳುವ ಮೊದಲೇ ತಡೆಯಬಾರದೇಕೆ? ನೋವಿನ ಸಂಶೋಧನೆಯ ಹಿರಿಯ ಪ್ಯಾಟ್ರಿಕ್ ವಾಲ್ 1988ರಲ್ಲಿ ಈ ವಾದವನ್ನು ವೈದ್ಯಲೋಕದ ಮುಂದಿಟ್ಟರು.

ಈ ವಾದದ ಮುಖ್ಯ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ. ಇದು ಬಹಳಷ್ಟು ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಗಾಯದ ಅಳತೆ ಹೆಚ್ಚುಕಡಿಮೆ ಒಂದೇ, ನೋವೂ ಸಾಕಷ್ಟಿರುತ್ತದೆ. ಹೋಲಿಸಿ ನೋಡಲು ಅನುಕೂಲ. 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ರಿಚ್ಮಂಡ್, ಬ್ರಾಮ್ಲಿ ಮತ್ತು ವುಲ್ಫ್ 60 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಎಲ್ಲರಿಗೂ ಕೊಟ್ಟದ್ದು 10 ಮಿ.ಗ್ರಾಂ. ಮಾರ್ಫಿನ್; ಬೇರೆಯಾದದ್ದು ಹೊತ್ತು ಮತ್ತು ದಾರಿ. ಕೆಲವರಿಗೆ ಒಂದು ಗಂಟೆ ಮೊದಲು ಸ್ನಾಯುವಿಗೆ, ಕೆಲವರಿಗೆ ಅರಿವಳಿಕೆ ಕೊಡುವಾಗ ರಕ್ತನಾಳಕ್ಕೆ, ಉಳಿದವರಿಗೆ ಹೊಲಿಗೆ ಹಾಕುವ ಹಂತದಲ್ಲಿ ರಕ್ತನಾಳಕ್ಕೆ. ಅರಿವಳಿಕೆಯ ಹೊತ್ತಿಗೆ ಪಡೆದವರಿಗೆ, ಕೊನೆಯಲ್ಲಿ ಪಡೆದವರಿಗಿಂತ ಮುಂದಿನ 24 ಗಂಟೆಗಳಲ್ಲಿ ಕಡಿಮೆ ಮಾರ್ಫಿನ್ ಸಾಕಾಯಿತು. ಮೊದಲೇ ಪಡೆದ ಎರಡೂ ಗುಂಪುಗಳಲ್ಲಿ ಗಾಯದ ಸುತ್ತಲಿನ ನೋವಿನ ಸಂವೇದನೆ ತಗ್ಗಿತ್ತು.

ಈ ಉತ್ಸಾಹ ಹೆಚ್ಚು ಕಾಲ ಉಳಿಯಲಿಲ್ಲ. 2002ರಲ್ಲಿ ಮೋಯ್ನಿಕೆ, ಕೆಹ್ಲೆಟ್ ಮತ್ತು ಡಾಲ್ ನಾನಾ ಶಸ್ತ್ರಚಿಕಿತ್ಸೆಗಳ 80 ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ, ಕೊಯ್ಯುವ ಮೊದಲು ಕೊಟ್ಟರೂ ನಂತರ ಕೊಟ್ಟರೂ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2005ರ ಮತ್ತೊಂದು ವಿಶ್ಲೇಷಣೆ ಕೆಲವು ವಿಧಾನಗಳಿಗೆ ಮಾತ್ರ ಲಾಭ ಕಂಡಿತು. ಇದಕ್ಕೆ ಕೊಡುವ ವಿವರಣೆ ಹೀಗಿದೆ: ಗಾಯ ಆಗುವ ಕ್ಷಣವಷ್ಟೇ ಅಲ್ಲ, ಆಮೇಲಿನ ಉರಿಯೂತವೂ ಬೆನ್ನುಹುರಿಯನ್ನು ಕೆರಳಿಸುತ್ತಲೇ ಇರುತ್ತದೆ. ಒಂದು ಡೋಸು ಅದನ್ನು ತಡೆದು ನಿಲ್ಲಿಸಲಾರದು. ಶಸ್ತ್ರಚಿಕಿತ್ಸೆಯ ಮೊದಲಿನಿಂದ ಚೇತರಿಕೆಯವರೆಗೆ ಬಗೆಬಗೆಯ ಔಷಧಗಳಿಂದ ನೋವನ್ನು ಹಿಡಿತದಲ್ಲಿಡಬೇಕೆಂಬ ನಿಲುವು ಹೀಗೆ ಬಲಗೊಂಡಿತು.

ಅಪಸ್ಮಾರದ ಔಷಧ ಗ್ಯಾಬಾಪೆಂಟಿನ್ ಈ ಹೊತ್ತಿಗೆ ರಂಗಕ್ಕೆ ಬಂತು. 2004ರ ಡೆನ್ಮಾರ್ಕ್‌ನ ಅಧ್ಯಯನದಲ್ಲಿ ಗರ್ಭಕೋಶ ತೆಗೆಸಿಕೊಂಡವರ ಮಾರ್ಫಿನ್ ಬಳಕೆ ಅದರಿಂದ ಸುಮಾರು ಮೂರನೇ ಒಂದರಷ್ಟು ತಗ್ಗಿತು. ನೋವಿನ ಅಂಕಗಳು ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ. ಮುಂಚಿತ ನೋವುನಿವಾರಣೆಯ ಕ್ಷೇತ್ರಕ್ಕೆ 2009ರಲ್ಲಿ ದೊಡ್ಡ ಪೆಟ್ಟು ಬಿತ್ತು. ಅಮೆರಿಕದ ಅರಿವಳಿಕೆ ತಜ್ಞ ಸ್ಕಾಟ್ ರೂಬೆನ್ ಅವರ 21 ಪ್ರಬಂಧಗಳಲ್ಲಿ ದತ್ತಾಂಶ ಕಲ್ಪಿತವೆಂದು ಬಯಲಾಯಿತು. ಅವರ ಅಧ್ಯಯನಗಳು ಹೆಚ್ಚಾಗಿ ಮೂಳೆ ಶಸ್ತ್ರಚಿಕಿತ್ಸೆಗೆ ಸೇರಿದ್ದವು. ಆದರೂ ಮುಂಚಿತವಾಗಿ ಕೊಡುವ ನೋವಿನ ಮಾತ್ರೆಗಳ ಬಗೆಗಿನ ನಂಬಿಕೆಗೆ ಇದರಿಂದಾದ ಹಾನಿ ಸಣ್ಣದಲ್ಲ.

ಇಂದು ಶೀಘ್ರ ಚೇತರಿಕೆಯ ಕಾರ್ಯಕ್ರಮಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಪ್ಯಾರಾಸಿಟಮಾಲ್ ಮತ್ತು ಉರಿಯೂತ ತಗ್ಗಿಸುವ ಮಾತ್ರೆ ಕೊಡುವುದು ರೂಢಿ. ಗ್ಯಾಬಾಪೆಂಟಿನ್ ವರ್ಗದ ಔಷಧಗಳು ಉಸಿರಾಟವನ್ನು ಕುಗ್ಗಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿತು. ಮರುವರ್ಷ 281 ಪ್ರಯೋಗಗಳ ವಿಶ್ಲೇಷಣೆ, ಅವನ್ನು ಎಲ್ಲ ರೋಗಿಗಳಿಗೂ ವಾಡಿಕೆಯಾಗಿ ಕೊಡಲು ಆಧಾರವಿಲ್ಲ ಎಂದು ತೀರ್ಮಾನಿಸಿತು.