ಸುದ್ದಿ ಮೊದಲೋ, ಜಾಡ್ಯ ಮೊದಲೋ

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ವಿಶಾಲವಾದ ಬಯಲಿದೆ. ಮುಂಜಾನೆ ತಿರುಗಾಡಲು ಹೋಗುವ ಹಿರಿಯರಿಗೂ ಚೆಂಡಾಡುವ ಹುಡುಗರಿಗೂ ಅದು ಚಿರಪರಿಚಿತ. ಆದರೆ ಆ ಹೆಸರು ಹೇಗೆ ಬಂತೆಂದು ಕೇಳಿದರೆ ಉತ್ತರ ಹೇಳುವವರು ಈಗ ವಿರಳ. ಹಿಂದೆ ಮುಂಬಯಿ ಇಲಾಖೆಗೆಲ್ಲ ಬೇಕಾದ ದೇವಿಯ ಲಸಿಕೆ ತಯಾರಾಗುತ್ತಿದ್ದ ಸ್ಥಳವದು. ಸಿಡುಬು ಲೋಕದಿಂದಲೇ ಹೋಯಿತು. ಬಯಲಿಗೆ ಹೆಸರು ಮಾತ್ರ ಉಳಿಯಿತು. ಜಾಡ್ಯ ಹೋಗಲು ಲಸಿಕೆಯೊಂದೇ ಸಾಕಾಯಿತೆ? ಸಾಲಲಿಲ್ಲ. ಜಾಡ್ಯ ಎಲ್ಲಿದೆ ಎಂಬ ಸುದ್ದಿಯೂ ಬೇಕಾಯಿತು. ಆ ಸುದ್ದಿಯನ್ನು ಹೇಳಲು ಮನುಷ್ಯ ಕಲಿತ ಕಥೆ ದೀರ್ಘವಾದುದು. ಅದರ ಕೆಲವು ಪುಟಗಳು ನಮ್ಮ ಸೀಮೆಯಲ್ಲೇ ಬರೆಯಲ್ಪಟ್ಟಿವೆ.

ತನ್ನ ಮನೆಯಲ್ಲಿ ಬೇನೆ ಇದೆ ಎಂದು ಸಾರುವುದು ಯಾರಿಗೂ ಪ್ರಿಯವಲ್ಲ. ನೆಂಟರು ಬರುವುದನ್ನು ಬಿಡುತ್ತಾರೆ, ಗಿರಾಕಿಗಳು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ರಾಷ್ಟ್ರಗಳ ನಡತೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಬಂದರಿನಲ್ಲಿ ಕಾಲರಾ ಇದೆಯೆಂದು ಒಪ್ಪಿಕೊಂಡರೆ ಹಡಗುಗಳು ನಿಲ್ಲುತ್ತವೆ, ವ್ಯಾಪಾರ ಮುರಿಯುತ್ತದೆ. 1851ರಲ್ಲಿ 12 ರಾಷ್ಟ್ರಗಳ ಪ್ರತಿನಿಧಿಗಳು ಪ್ಯಾರಿಸ್ಸಿನಲ್ಲಿ ಕೂಡಿ ಈ ವಿಷಯವನ್ನು ಮೊದಲ ಸಲ ಚರ್ಚಿಸಿದರು. ಮಾತು ಬಹಳ ನಡೆಯಿತು. ಜಾರಿಗೆ ಬರುವಂಥ ಒಂದು ಒಡಂಬಡಿಕೆ ಆಗಬೇಕಾದರೆ 1892 ಬರಬೇಕಾಯಿತು.

ಅಷ್ಟರಲ್ಲಿ ಮುಂಬಯಿಗೆ ಪ್ಲೇಗು ಬಂತು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದ ರೋಗಿಗಳನ್ನು ಪರೀಕ್ಷಿಸಿದ ಡಾಕ್ಟರ್ ಅಕಾಸಿಯೋ ವೀಗಸ್ ಅವರು ಇದು ಪ್ಲೇಗೇ ಎಂದು ಧೈರ್ಯವಾಗಿ ಹೇಳಿದರು. ಆ ಒಂದು ಮಾತು ಯುರೋಪನ್ನೇ ನಡುಗಿಸಿತು. 1897ರ ಫೆಬ್ರವರಿಯಲ್ಲಿ ವೆನಿಸ್ ನಗರದಲ್ಲಿ ಸಮ್ಮೇಳನ ಸೇರಿತು; ಮಾರ್ಚಿನಲ್ಲಿ ಒಡಂಬಡಿಕೆಗೆ ಸಹಿ ಬಿತ್ತು. ತನ್ನ ಸೀಮೆಯಲ್ಲಿ ಪ್ಲೇಗು ಕಂಡ ಸರಕಾರ ಅದನ್ನು ಇತರ ಸರಕಾರಗಳಿಗೆ ತಂತಿಯ ಮೂಲಕ ತಿಳಿಸತಕ್ಕದ್ದೆಂದು ಅದರಲ್ಲಿ ಗೊತ್ತಾಯಿತು. ಮುಂಬಯಿಯ ಒಂದು ಓಣಿಯ ಬೇನೆ ಹೀಗೆ ಲೋಕದ ಕಾಯಿದೆಯೊಂದಕ್ಕೆ ಕಾರಣವಾಯಿತು.

ಜಾಡ್ಯವೂ ತಂತಿಯ ಹಿಂದೆಯೇ ಹೊರಟಿತ್ತು. ಅದು ಹಿಡಿದದ್ದು ರೈಲಿನ ದಾರಿ. 1890ರ ಹೊತ್ತಿಗೆ ಪುಣೆ, ಬೆಳಗಾವಿ, ಹುಬ್ಬಳ್ಳಿಗಳು ಹಳಿಗಳಿಂದ ಕೂಡಿದ್ದವು. ಖಾನಾಪುರ ತಾಲೂಕಿನ ಲೋಂಡಾದಲ್ಲಿ ಗೋವೆಯ ಮುರ್ಮುಗೋವಾ ಬಂದರಿನಿಂದ ಬರುವ ದಾರಿ ಸೇರುತ್ತಿತ್ತು. ಕ್ಯಾಸಲ್‌ರಾಕ್ ದಾಟಿದರೆ ಆಚೆ ಪೋರ್ತುಗೀಜರ ರಾಜ್ಯ. ಎರಡು ಸರಕಾರಗಳ ಗಡಿ ನಮ್ಮ ಕಾಡಿನ ನಡುವೆಯೇ ಹಾದುಹೋಗಿತ್ತು. ಧಾನ್ಯದ ಚೀಲದೊಡನೆ ಇಲಿ, ಇಲಿಯ ಮೈಮೇಲೆ ಚಿಗಟ; ಇವಕ್ಕೆ ರಹದಾರಿ ಕೇಳುವವರಾರು? ಇಲಿಯಿಂದ ಮನುಷ್ಯನಿಗೆ ಪ್ಲೇಗು ತರುವುದು ಚಿಗಟವೆಂದು ಫ್ರೆಂಚ್ ವೈದ್ಯ ಸಿಮೋಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು.

ಈ ನಡುವೆ ಸರಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಅದರಲ್ಲಿದ್ದುದು ನಾಲ್ಕೇ ಕಲಮು. ಅಧಿಕಾರ ಮಾತ್ರ ಅಪಾರ. ರೈಲಿನ ಪ್ರಯಾಣಿಕರನ್ನು ಇಳಿಸಿ ಕಂಕುಳು ನೋಡುವುದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಛಾವಣಿಗೂ ಒಯ್ಯುವುದು, ಹಾಸಿಗೆ ಬಟ್ಟೆಗಳನ್ನು ಸುಡುವುದು, ಮನೆಯ ಹಂಚು ತೆಗೆಸಿ ಬಿಸಿಲು ಬಿಡಿಸುವುದು, ಹೀಗೆ ಇಲಾಖೆಯ ಊರೂರುಗಳಲ್ಲಿ ನಡೆಯಿತು. ಪುಣೆಯಲ್ಲಿ ಸೋಲ್ಜರರು ಮನೆಗಳಿಗೆ ನುಗ್ಗಿ ಶೋಧಿಸಿದ್ದು ಎಂಥ ಕೋಪವನ್ನು ಎಬ್ಬಿಸಿತೆಂಬುದೂ, ಆ ವರ್ಷದ ಜೂನಿನಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಗುಂಡಿಗೆ ಗುರಿಯಾದದ್ದೂ ಇತಿಹಾಸ ಬಲ್ಲವರಿಗೆ ತಿಳಿದಿದೆ. ಇದರ ಫಲವೇನು? ಜನ ಬೇನೆಯನ್ನು ಬಚ್ಚಿಡಲು ಕಲಿತರು. ಬಿದ್ದ ಇಲಿಯನ್ನು ರಾತ್ರಿ ಹೂಳುವುದು, ರೋಗಿಯನ್ನು ಹಿಂಬಾಗಿಲಿನಿಂದ ಬೇರೆ ಊರಿಗೆ ಸಾಗಿಸುವುದು ಮೊದಲಾಯಿತು. ಬೇನೆಯನ್ನು ತಡೆಯಲೆಂದು ಹೊರಟ ಬಲಾತ್ಕಾರ ಬೇನೆಗೇ ಕಾಲು ಕೊಟ್ಟಿತು.

ಬಲಾತ್ಕಾರವಿಲ್ಲದೆ ನಡೆದ ಕೆಲಸವೂ ಆಗ ನಮ್ಮ ಕಣ್ಣೆದುರೇ ಇತ್ತು. 1897ರ ಜನವರಿಯಲ್ಲಿ ಹಾಫ್ಕಿನ್ ತಾವು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ಬೆಳಗಾವಿಯ ದಂಡಿನಲ್ಲಿ ಪ್ಲೇಗು ಕಾಣಿಸಿದಾಗ ಡಾಕ್ಟರ್ ಬ್ಯಾನರ್ಮನ್ ಅವರು ಮದರಾಸಿನ ಪದಾತಿ ದಳವೊಂದರ ಸಿಪಾಯಿಗಳಿಗೂ ಅವರ ಕುಟುಂಬದವರಿಗೂ ಆ ಲಸಿಕೆ ಹಾಕಿದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಸಾವಿರ ಸಾವಿರ ಜನಕ್ಕೆ ಹಾಕಿದರು. ಪ್ರಯೋಜನ ಕಂಡ ಜನ ತಾವಾಗಿ ಬಂದು ತೋಳು ಚಾಚಿದರು.

ಇನ್ನು ತಂತಿಯ ಕಡೆಗೆ ಬರೋಣ. 1925ರಲ್ಲಿ ರಾಷ್ಟ್ರಸಂಘವು ಸಿಂಗಪುರದಲ್ಲಿ ರೋಗವಾರ್ತೆಯ ಕಚೇರಿಯೊಂದನ್ನು ತೆರೆಯಿತು. ಪೂರ್ವದೇಶಗಳ ಬಂದರುಗಳು ವಾರಕ್ಕೊಮ್ಮೆ ತಮ್ಮಲ್ಲಿ ಎಷ್ಟು ಕಾಲರಾ, ಎಷ್ಟು ಪ್ಲೇಗು, ಎಷ್ಟು ಸಿಡುಬು ಎಂದು ಅಲ್ಲಿಗೆ ತಂತಿ ಕಳಿಸಬೇಕು. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಬಂದರುಗಳು ಇದಕ್ಕೆ ಸೇರಿದವು. ಬಂದ ಅಂಕಿಗಳನ್ನು ಒಟ್ಟುಮಾಡಿ ಸಂಕೇತಭಾಷೆಯಲ್ಲಿ ಸೈಗಾನಿನಂಥ ಬಾನುಲಿ ನಿಲಯಗಳಿಂದ ಬಿತ್ತರಿಸುತ್ತಿದ್ದರು. ನಡುಗಡಲಿನ ಹಡಗೂ ಅದನ್ನು ಕೇಳಬಹುದಾಗಿತ್ತು. ಮನೆಯ ರೇಡಿಯೋದಲ್ಲಿ ಹಾಡು ಕೇಳುವ ನಾವು, ಅದರ ಬಾಲ್ಯದಲ್ಲೇ ಅದಕ್ಕೆ ಇಂಥ ಕಾವಲುಗಾರನ ಕೆಲಸ ಬಿದ್ದಿತ್ತೆಂದು ನೆನೆಯಬೇಕು. 1942ರಲ್ಲಿ ಸಿಂಗಪುರ ಜಪಾನೀಯರ ಕೈಸೇರಿದಾಗ ಅಲ್ಲಿಯ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಆ ಭಾರವನ್ನು ಹೊತ್ತಿತು. 1951ರಲ್ಲಿ ಒಪ್ಪಿ 1952ರಿಂದ ಜಾರಿಗೆ ತಂದ ಅದರ ನಿಯಮಗಳಲ್ಲಿ ಕಾಲರಾ, ಪ್ಲೇಗು, ಸಿಡುಬು, ಹಳದಿ ಜ್ವರ, ಟೈಫಸ್ ಮತ್ತು ಮರುಕಳಿಸುವ ಜ್ವರ, ಈ ಆರು ಬೇನೆಗಳ ಸುದ್ದಿ ಕಡ್ಡಾಯವಾಯಿತು.

ಆರರ ಪಟ್ಟಿಯಲ್ಲಿ ಹಳದಿ ಜ್ವರ ಭಾರತಕ್ಕೆ ಬಾರದ ಬೇನೆ. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಆಫ್ರಿಕಾ, ಅಮೆರಿಕಗಳಲ್ಲಿ ಹಳದಿ ಜ್ವರಕ್ಕೆ ಮಂಗಗಳೂ ಈಡಾಗುವುದರಿಂದ, ಅದೇ ಬಂತೇ ಎಂಬ ಭೀತಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿ ಪರೀಕ್ಷಿಸಿದಾಗ ಅದು ಉಣ್ಣೆಯಿಂದ ಹರಡುವ ಬೇರೊಂದು ಹೊಸ ವೈರಸ್ ಎಂದು ತಿಳಿಯಿತು. ಪಟ್ಟಿಯಲ್ಲಿ ಹೆಸರಿಲ್ಲದ ಬೇನೆಯೂ ಇರಬಹುದೆಂಬ ಪಾಠವನ್ನು ಮಲೆನಾಡಿನ ಹಳ್ಳಿಯೊಂದು ಆಗಲೇ ಕಲಿಸಿತ್ತು.

ಇನ್ನು ಸಿಡುಬಿನ ಮಾತು. ದ್ರವರೂಪದ ಹಳೆಯ ಲಸಿಕೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತಿತ್ತು. ಹೆಪ್ಪುಗಟ್ಟಿಸಿ ಒಣಗಿಸಿದ ಹೊಸ ಲಸಿಕೆ 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲೂ ಒಂದು ತಿಂಗಳು ಬಾಳುವಂಥದು. ಅದನ್ನು ತಯಾರಿಸಿದ ಭಾರತದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಆದರೂ ಬೇನೆ ಉಳಿದಿತ್ತು, ಏಕೆಂದರೆ ಸುದ್ದಿ ಅಡಗಿತ್ತು. 1973ರ ಕೊನೆಯಿಂದ ಕಾರ್ಯಕರ್ತರು ಮನೆಮನೆಗೆ ಹೋಗಿ ಹುಡುಕಿದರು; ಸುದ್ದಿ ಕೊಟ್ಟವರಿಗೆ ಬಹುಮಾನ ಗೊತ್ತುಮಾಡಿದರು. 1975ರಲ್ಲಿ ಅದು 1000 ರೂಪಾಯಿಗೆ ಏರಿತು. 1974ರಲ್ಲಿ ದೇಶದಲ್ಲಿ ಸುಮಾರು 1 ಲಕ್ಷ 88 ಸಾವಿರ ರೋಗಿಗಳು ಲೆಕ್ಕಕ್ಕೆ ಬಂದರು. ಹೊರಗಿನವರಿಗೆ ಅದು ನಮ್ಮ ಸೋಲಿನಂತೆ ಕಂಡಿತು. ನಿಜಕ್ಕೂ ಅಡಗಿದ್ದುದು ಬೆಳಕಿಗೆ ಬಂದಿತ್ತು. 1975ರ ಮೇ ತಿಂಗಳ ತರುವಾಯ ಭಾರತದಲ್ಲಿ ಸಿಡುಬು ಕಾಣಲಿಲ್ಲ.

ಹೇಳಿದವನಿಗೆ ಬಹುಮಾನ ಕೊಡುವ ಈ ಬುದ್ಧಿ ಲೋಕಕ್ಕೆ ಸುಲಭವಾಗಿ ಬರಲಿಲ್ಲ. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಹಬ್ಬಿದಾಗ ಹಲವು ದೇಶಗಳು ನಮ್ಮ ವಿಮಾನಗಳನ್ನೂ ಸರಕನ್ನೂ ತಡೆದವು. ಮರು ವರ್ಷವೇ ಹಳೆಯ ನಿಯಮಗಳನ್ನು ತಿದ್ದುವ ನಿರ್ಧಾರವಾಯಿತು. 2005ರಲ್ಲಿ ಒಪ್ಪಿದ, 2007ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಬೇನೆಗಳ ಚಿಕ್ಕ ಪಟ್ಟಿಗೇ ಸುದ್ದಿಯನ್ನು ಕಟ್ಟಿಹಾಕಿಲ್ಲ. ಲೋಕಕ್ಕೆ ಅಪಾಯ ತರಬಹುದಾದ ಯಾವ ಘಟನೆಯನ್ನೇ ಆಗಲಿ, ಹಾಗೆಂದು ನಿರ್ಣಯಿಸಿದ 24 ತಾಸಿನೊಳಗೆ ತಿಳಿಸಬೇಕು. ಕೇಳಿದವರು ಅಗತ್ಯಕ್ಕೆ ಮೀರಿ ಪ್ರಯಾಣ ವ್ಯಾಪಾರಗಳನ್ನು ತಡೆಯಬಾರದು. ಮೊದಲನೆಯ ಮಾತಿಗಿಂತ ಎರಡನೆಯದನ್ನು ಪಾಲಿಸುವುದು ಕಷ್ಟವೆಂದು 2020ರ ಕೊರೋನಾ ಕಾಲದಲ್ಲಿ ಎಲ್ಲರೂ ನೋಡಿದರು.

ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವೆಯ ಸತ್ತರಿ ತಾಲೂಕಿಗೆ ಇಳಿಯುತ್ತಾಳೆ. 2015ರಲ್ಲಿ ಆ ಸತ್ತರಿಯಲ್ಲಿ ಮಂಗನ ಕಾಯಿಲೆ ಕಾಣಿಸಿತು. 2016ರಲ್ಲಿ ಬೆಳಗಾವಿ ಜಿಲ್ಲೆಯಿಂದ ಗೋವೆಯ ಗೇರುತೋಪುಗಳಿಗೆ ದುಡಿಯಲು ಹೋದ ಕೂಲಿಯವರಿಗೂ ತಗಲಿತು. ನೀರಿಗಿಲ್ಲದ ಗಡಿ ಉಣ್ಣೆಗೂ ಇಲ್ಲ. ಅಂಥ ಸುದ್ದಿ ಮೊದಲು ಗೊತ್ತಾಗುವುದು ಜಿನೀವಾದಲ್ಲಿ ಅಲ್ಲ. ಸತ್ತ ಮಂಗವನ್ನು ಕಂಡ ದನಗಾಹಿಗೆ, ಜ್ವರ ಹಿಡಿದು ಮನೆಗೆ ಮರಳಿದ ಕೂಲಿಯವನ ಹೆಂಡತಿಗೆ. ಹೇಳಿದರೆ ಕೂಲಿ ಹೋದೀತು, ಊರವರು ದೂರ ಇಟ್ಟಾರು ಎಂಬ ಅಂಜಿಕೆ ಅವರಿಗಿದ್ದರೆ, ಎಷ್ಟು ಒಡಂಬಡಿಕೆಗಳಿಗೆ ಸಹಿ ಬಿದ್ದರೂ ತಂತಿ ಹೊರಡುವುದೇ ಇಲ್ಲ. ಹೇಳಿದವರನ್ನು ನೆರೆಯವರು ಹೇಗೆ ನಡೆಸಿಕೊಂಡರು ಎಂಬುದರ ಮೇಲೆ ಮುಂದಿನ ಸಲ ಸುದ್ದಿ ಮೊದಲು ಬಂದೀತೋ ಜಾಡ್ಯ ಮೊದಲು ಬಂದೀತೋ ಎಂಬುದು ನಿಂತಿದೆ.