ಎರಡು ಮಳೆಗಾಲದ ಹುದ್ದೆ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕೃಷಿ ತರುಣರ ಮೊದಲ ಕೆಲಸ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಯವು. ಶಾಲೆಯ ಲೆಕ್ಕಕ್ಕೆ ಮಾತ್ರ ಇವು ನಾಲ್ಕೂ ಸೇರಿ ಬೇರೆಯೇ ಒಂದು ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹೆಸರು ಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಇರುತ್ತದೆ. ಈ ನೆಲದ ಮಕ್ಕಳನ್ನು ಒಂದು ಗುಂಪಾಗಿ ಎಣಿಸುವುದು ಅಲ್ಲಿಗೆ ಮುಗಿಯಿತು. ಹತ್ತನೇ ತರಗತಿಯಾಚೆ ಅವರಲ್ಲಿ ಎಷ್ಟು ಮಂದಿ ಕೃಷಿ ಡಿಪ್ಲೊಮಾಕ್ಕೆ, ಬಿಎಸ್ಸಿ ಕೃಷಿಗೆ, ಅರಣ್ಯ ಇಲಾಖೆಯ ದಿನಗೂಲಿಗೆ ಹೋದರು, ಎಷ್ಟು ಮಂದಿ ತಮ್ಮ ಓದಿಗೆ ತಕ್ಕ ಮೊದಲ ಕೆಲಸವನ್ನು ತಮ್ಮದೇ ಹೋಬಳಿಯಲ್ಲಿ ಕಂಡರು ಎಂಬ ಪ್ರಶ್ನೆಗಳನ್ನು ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗಿಟ್ಟು ಕೇಳುವ ರೂಢಿಯಿಲ್ಲ. ಕೇಳಲು ಕಾರಣವಂತೂ ಇದೆ. ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳಲ್ಲಿ ಈ ನಾಲ್ಕೂ ಮಧ್ಯ ಒಣ ವಲಯಕ್ಕೇ ಸೇರುತ್ತವೆ. ಓದಿನ ಗಡಿಯೊಳಗೆಲ್ಲ ಇಲ್ಲಿ ಮಳೆಯ ವಲಯ ಒಂದೇ. ಇಲ್ಲಿ ಕೃಷಿ ಮತ್ತು ನಿಸರ್ಗ ಸಂಪನ್ಮೂಲದ ತರಬೇತಿಗೆ ಕೊರತೆಯಿಲ್ಲ, ತರಬೇತಿಯಾದವರು ನೆಲೆ ನಿಲ್ಲುವಷ್ಟು ಉದ್ದದ ಮೊದಲ ಹುದ್ದೆ ಇಲ್ಲ ಎಂಬುದು ಈ ಲೇಖನದ ವಾದ. ಆ ಉದ್ದವನ್ನು ವಾರಗಳಲ್ಲಿ ಅಳೆಯುವುದು ತಪ್ಪು, ಮಳೆಗಾಲಗಳಲ್ಲಿ ಅಳೆಯಬೇಕು.

ಮಳೆಗಾಲವೇ ಅಳತೆಯಾಗಬೇಕೆನ್ನಲು ಕಾರಣ ಬೆಳೆಯಲ್ಲಿದೆ. ಮಧ್ಯ ಒಣ ವಲಯದ ವಾಡಿಕೆ ಮಳೆ ವರ್ಷಕ್ಕೆ ಸುಮಾರು 455ರಿಂದ 717 ಮಿಲಿಮೀಟರ್. ಅದು ಜೋರು ಹಿಡಿಯುವುದು ಪುಬ್ಬೆ, ಉತ್ತರೆ, ಹಸ್ತದ ಹೊತ್ತಿಗೆ. ಪಾವಗಡದ ಕಡಲೆಕಾಯಿ ಜೂನ್ ಕೊನೆಗೋ ಜುಲೈನಲ್ಲೋ ಬಿತ್ತನೆಯಾಗಿ ನಾಲ್ಕು ತಿಂಗಳ ಆಸುಪಾಸಿನಲ್ಲಿ ಕೀಳಲು ಬರುತ್ತದೆ. ಅದರ ಜೊತೆಗೆ ಅಕ್ಕಡಿ ಸಾಲಿನಲ್ಲಿ ಹಾಕಿದ ತೊಗರಿ ಹೊಲ ಬಿಡುವುದು ಡಿಸೆಂಬರ್ ದಾಟಿದ ಮೇಲೆ. ಹೂ ಬಿಟ್ಟು ಸೂಜಿ ನೆಲಕ್ಕಿಳಿಯುವಾಗ ಮಳೆ ಕೈಕೊಟ್ಟರೆ ಕಡಲೆಕಾಯಿಯ ಕಥೆ ಒಂದು, ಕೀಳುವಾಗ ಮಳೆ ಹಿಡಿದರೆ ಇನ್ನೊಂದು. ಒಂದೇ ಹಂಗಾಮನ್ನು ಕಂಡವನು ಇವೆರಡರಲ್ಲಿ ಒಂದನ್ನೇ ಕಂಡಿರುತ್ತಾನೆ, ಕಂಡದ್ದನ್ನೇ ನಿಯಮವೆಂದು ತಿಳಿಯುತ್ತಾನೆ. ಒಳ್ಳೆಯ ವರ್ಷವೊಂದು ಕಲಿಸಿದ್ದನ್ನು ಕೆಟ್ಟ ವರ್ಷದ ಎದುರು ಒರೆಗೆ ಹಚ್ಚುವ ಅವಕಾಶ ಸಿಗದ ಹೊರತು ಮಳೆಯಾಶ್ರಿತ ಬೇಸಾಯದ ಸಲಹೆಗಾರನೊಬ್ಬ ತಯಾರಾಗುವುದಿಲ್ಲ. ಅಂತರ್ಜಲದ ವಿಷಯದಲ್ಲೂ ಹೀಗೆಯೇ. ಬಾವಿಯ ಮಟ್ಟವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಅಳೆಯುತ್ತಾರೆ. ಆ ಎರಡು ಅಂಕಿಗಳನ್ನು ಮರುವರ್ಷದ ಎರಡು ಅಂಕಿಗಳ ಪಕ್ಕದಲ್ಲಿಟ್ಟಾಗಲೇ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು. 2019ರ ಡಿಸೆಂಬರ್ 25ರಂದು ಆರಂಭವಾದ ಅಟಲ್ ಭೂಜಲ ಯೋಜನೆಯ ವ್ಯಾಪ್ತಿಗೆ ತುಮಕೂರು ಜಿಲ್ಲೆಯೂ ಬಂದಿತು. ನೀರಿನ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ ಇಡಬೇಕೆಂಬ ಅದರ ಆಶಯ, ವರ್ಷದಿಂದ ವರ್ಷಕ್ಕೆ ಅದೇ ಬಾವಿಯ ಬಳಿಗೆ ಹೋಗುವ ಒಬ್ಬ ವ್ಯಕ್ತಿ ಇರುತ್ತಾನೆಂಬ ಊಹೆಯ ಮೇಲೆಯೇ ನಿಂತಿದೆ.

ಈಗಿರುವ ವ್ಯವಸ್ಥೆಯಲ್ಲಿ ಅತ್ಯಂತ ಗಟ್ಟಿಯಾದದ್ದು ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮ. 1992ರ ರಾಂಧಾವಾ ಸಮಿತಿಯ ಶಿಫಾರಸಿನಿಂದ ಕೃಷಿ ಪದವಿಯೊಳಕ್ಕೆ ಬಂದ ಇದು 2015ರ ‘ಸ್ಟೂಡೆಂಟ್ ರೆಡಿ’ ಯೋಜನೆಯ ಭಾಗವಾಗಿ ಮುಂದುವರಿಯಿತು. ಅಂತಿಮ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿಯುತ್ತಾರೆ. ದೇವಸ್ಥಾನದ ಮುಂದಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದು ಕೆರೆ, ಕುಂಟೆ, ಗೋಮಾಳಗಳನ್ನು ಊರವರಿಂದಲೇ ಗುರುತಿಸುತ್ತಾರೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ, ಕೊನೆಗೆ ವಸ್ತುಪ್ರದರ್ಶನ ನಡೆಸಿ ಕಾಲೇಜಿಗೆ ಮರಳುತ್ತಾರೆ. ಇದರ ಬೆಲೆಯನ್ನು ಕಡಿಮೆ ಮಾಡಿ ನೋಡುವುದು ನನ್ನ ಉದ್ದೇಶವಲ್ಲ. ಪೇಟೆಯಲ್ಲಿ ಬೆಳೆದ ಎಷ್ಟೋ ವಿದ್ಯಾರ್ಥಿಗಳು ರೈತನ ಮನೆಯ ಲೆಕ್ಕಾಚಾರವನ್ನು ಹತ್ತಿರದಿಂದ ಕಾಣುವುದು ಇಲ್ಲೇ. ಆದರೆ ಇದು ಒಂದು ಸೆಮಿಸ್ಟರಿನೊಳಗೆ ಮುಗಿಯುವ ಪಾಠ. ಬೀಜೋಪಚಾರ ತೋರಿಸಿದ ವಿದ್ಯಾರ್ಥಿ ಆ ಬೀಜದ ಫಸಲನ್ನು ತೂಗುವ ಹೊತ್ತಿಗೆ ಊರಿನಲ್ಲಿ ಇರುತ್ತಾನೆಂಬ ಖಾತ್ರಿಯಿಲ್ಲ. ನಕ್ಷೆಯಲ್ಲಿ ಕಂಡ ಬತ್ತಿದ ಕೆರೆಗೆ ಮುಂದೇನಾಯಿತೆಂದು ಅವನು ಉತ್ತರಿಸಬೇಕಾಗಿಯೂ ಇಲ್ಲ.

ಅದು ಶಿಕ್ಷಣ, ಉದ್ಯೋಗವಲ್ಲ, ಅದರಿಂದ ಇಷ್ಟನ್ನು ಬಯಸುವುದು ಅನ್ಯಾಯ ಎಂದು ಕೃಷಿ ಶಿಕ್ಷಣದವರು ಹೇಳಬಹುದು. ಮಾತು ಸರಿಯಾಗಿದೆ. ಹಾಗಿದ್ದರೆ ಶಿಕ್ಷಣ ಮುಗಿದ ಮೇಲೆ ಇದೇ ನೆಲದಲ್ಲಿ ಉದ್ಯೋಗವಾಗಿ ಏನಿತ್ತು ಎಂದು ನೋಡಬೇಕು. ಅದಕ್ಕೆ ‘ಭೂಚೇತನ’ಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದಿಲ್ಲ. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ರಾಜ್ಯ ಕೃಷಿ ಇಲಾಖೆ 2009ರಲ್ಲಿ ಈ ಯೋಜನೆಯನ್ನು ಶುರುಮಾಡಿದಾಗ ಮೊದಲ ಆರು ಜಿಲ್ಲೆಗಳಲ್ಲಿ ತುಮಕೂರೂ ಇತ್ತು. ಮಣ್ಣಿನಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎಲ್ಲಿದೆಯೆಂದು ಪರೀಕ್ಷೆಯಿಂದ ಕಂಡುಕೊಂಡು ಅದಕ್ಕೆ ತಕ್ಕ ಲಘು ಪೋಷಕಾಂಶವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಒದಗಿಸುವುದು ಅದರ ತಿರುಳು. ಪ್ರಯೋಗಶಾಲೆಯ ಮಾತು ಹೊಲ ಮುಟ್ಟಲು ಸುಮಾರು 500 ಹೆಕ್ಟೇರಿಗೆ ಒಬ್ಬ ಅನುವುಗಾರನನ್ನು ಗೊತ್ತುಮಾಡಿದರು. ಈತ ಊರಿನವನೇ, ಅಕ್ಷರ ಬಲ್ಲವನು, ಸ್ವತಃ ಬೇಸಾಯಗಾರ. ಇಲಾಖೆಯ ಸಿಬ್ಬಂದಿ ವಿರಳವಾಗಿರುವ ಕಡೆ ಈ ಅನುವುಗಾರರಿಲ್ಲದೆ ಯೋಜನೆ ಹೊಲದವರೆಗೆ ಹೋಗುತ್ತಿರಲಿಲ್ಲ ಎಂಬುದು ಅದರ ರಚನೆಯಿಂದಲೇ ಸ್ಪಷ್ಟ. ಆದರೆ ಅವರಿಗೆ ಸಿಕ್ಕಿದ್ದು ಹಂಗಾಮಿನ ಗೌರವಧನ. ಬಿತ್ತನೆಗೆ ಕರೆ ಬರುತ್ತಿತ್ತು, ಕೊಯ್ಲಿನ ನಂತರ ಕೆಲಸವಿರುತ್ತಿರಲಿಲ್ಲ. ಯಾವ ಹೊಲಕ್ಕೆ ಎಷ್ಟು ಜಿಪ್ಸಮ್ ಬಿದ್ದಿತ್ತು, ಯಾವ ರೈತ ಅರ್ಧಕ್ಕೇ ಕೈಬಿಟ್ಟ, ಏಕೆ ಬಿಟ್ಟ ಎಂಬ ತಿಳಿವಳಿಕೆಗೆ ನಿಲ್ಲುವ ತಾಣವೇ ಇರಲಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ ಮೊದಲಿಗೆ ಎರಡು ವರ್ಷಕ್ಕೊಮ್ಮೆ ಮಣ್ಣನ್ನು ಮತ್ತೆ ಪರೀಕ್ಷಿಸುವ ಚಕ್ರವನ್ನು ಹಾಕಿಕೊಂಡಿತು. ಮಣ್ಣಿಗೆ ಎರಡು ವರ್ಷದ ಲೆಕ್ಕವಿಟ್ಟು, ಆ ಮಣ್ಣನ್ನು ಓದುವ ತರುಣನಿಗೆ ನಾಲ್ಕು ತಿಂಗಳ ಲೆಕ್ಕವಿಟ್ಟದ್ದು ನಮ್ಮ ಯೋಜನೆಗಳ ಮೂಲದೋಷವೆಂದೇ ನನ್ನ ತೀರ್ಮಾನ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಕೊರಟಗೆರೆ ತಾಲ್ಲೂಕಿನಲ್ಲೇ ಇದೆ. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರಂಭಿಸಿದ ಹವಾಮಾನ ವೈಪರೀತ್ಯ ಸಹಿಷ್ಣು ಕೃಷಿ ಯೋಜನೆ ‘ನಿಕ್ರಾ’ದಡಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಡಿ. ನಾಗೇನಹಳ್ಳಿಯನ್ನು ಆಯ್ದುಕೊಂಡಿತು. ಬದು, ಕಂದಕ, ಕೃಷಿ ಹೊಂಡ, ಬರ ತಡೆಯುವ ಎಂಎಲ್-365 ರಾಗಿ, ಬಾಡಿಗೆಗೆ ಯಂತ್ರ ಕೊಡುವ ಕೇಂದ್ರ, ಇವೆಲ್ಲವನ್ನೂ ನೋಡಿಕೊಳ್ಳುವ ಊರಿನದೇ ಸಮಿತಿ: ಇವುಗಳಲ್ಲಿ ಬಿಡಿಯಾಗಿ ನೋಡಿದರೆ ಹೊಸದೇನೂ ಇಲ್ಲ. ಹೊಸದಾಗಿದ್ದದ್ದು ಒಂದೇ ಊರನ್ನು ವರ್ಷಗಟ್ಟಲೆ ಬಿಡದೆ ಹಿಡಿದದ್ದು. ಮಳೆ ಬಂದ ವರ್ಷದ ಹೊಂಡವನ್ನೂ ಬಾರದ ವರ್ಷದ ಹೊಂಡವನ್ನೂ ಅದೇ ಕೇಂದ್ರ ನೋಡಿತು. ಅಷ್ಟೊಂದು ವಿಜ್ಞಾನಿಗಳ ಬೆಂಬಲವಿದ್ದ ಊರನ್ನು ಮಾದರಿಯಾಗಿ ಮುಂದಿಡುವುದು ಸರಿಯೇ ಎಂದು ಕೇಳಬಹುದು. ಆ ಬೆಂಬಲವನ್ನು ನೂರಾರು ಹಳ್ಳಿಗೆ ಹಂಚಲಾಗದು, ನಿಜ. ಅಲ್ಲಿಂದ ನಾವು ಪಡೆಯಬೇಕಾದದ್ದು ಕಾಲಾವಧಿಯನ್ನು. ಕಾಲಾವಧಿಯನ್ನು ಹಂಚಲು ವಿಜ್ಞಾನಿಗಳೇ ಬೇಕಿಲ್ಲ, ನೇಮಕಗೊಂಡ ತರುಣ ತರುಣಿಯರು ಸಾಕು. ಸ್ವಸಹಾಯ ಸಂಘಗಳಿಂದ ಬಂದ ಹೆಣ್ಣುಮಕ್ಕಳಿಗೆ 56 ದಿನಗಳ ತರಬೇತಿ ಕೊಟ್ಟು ‘ಕೃಷಿ ಸಖಿ’ಯರನ್ನಾಗಿಸುವ ಕೇಂದ್ರ ಸರ್ಕಾರದ ಯೋಜನೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಊರು ಬಿಡದವರನ್ನೇ ಅದು ಆರಿಸಿಕೊಳ್ಳುತ್ತದೆ. ಅವರ ಹಿಂದೆ ನಿಂತು ಅನುಮಾನ ಬಗೆಹರಿಸುವ ಪದವೀಧರ ಹೋಬಳಿಯಲ್ಲೇ ಇದ್ದರೆ ಆ ತರಬೇತಿಗೆ ಬೆನ್ನೆಲುಬು ಬರುತ್ತದೆ.

ಕಾಡಿನ ಕಡೆಯೂ ಒಂದು ನೋಟ ಹರಿಸಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಹುಲ್ಲು ಯಾವ ವರ್ಷ ಎಷ್ಟು ಬಂತು, ಕುರಿಗಾಹಿಗಳು ಯಾವ ತಿಂಗಳು ಎಲ್ಲಿಗೆ ಹೋದರು ಎಂಬ ದಾಖಲೆ ಇಲ್ಲದೆ ಇವುಗಳ ನಿರ್ವಹಣೆ ಸಾಧ್ಯವಿಲ್ಲ. ಆ ದಾಖಲೆಯೂ ಮಳೆಗಾಲದಿಂದ ಮಳೆಗಾಲಕ್ಕೆ ಬೆಳೆಯುವಂಥದ್ದೇ.

ಇಲ್ಲಿಗೆ ಅತಿ ಗಂಭೀರವಾದ ಆಕ್ಷೇಪ ಬರುತ್ತದೆ: ಈ ಸೀಮೆಯ ಭವಿಷ್ಯ ಬೇಸಾಯದಲ್ಲಿಲ್ಲ, ಬಿಸಿಲಿನಲ್ಲಿದೆ ಎಂಬುದು. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚರ್ಲು, ವಳ್ಳೂರು, ರಾಯಚರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅದು ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಸಾಲು ಸಾಲು ಬರ ಕಂಡ ರೈತನಿಗೆ ಮಳೆಯನ್ನು ನೆಚ್ಚದ ಈ ಆದಾಯ ದೊಡ್ಡ ಆಸರೆ, ಅದನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಬಾಡಿಗೆ ಹೋಗುವುದು ಪಹಣಿ ಇದ್ದವನಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಹೀನರ ಕೂಲಿ ಹೋಯಿತು, ಕುರಿಯ ದಾರಿ ಬೇಲಿಯಿಂದ ಮುಚ್ಚಿತು. ಕಟ್ಟಡ ಕೆಲಸ ಮುಗಿದ ಮೇಲೆ ಊರಿನ ತರುಣರಿಗೆ ಮುಖ್ಯವಾಗಿ ಉಳಿದದ್ದು ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು. ಗುತ್ತಿಗೆಯ ದಶಕಗಳು ಮುಗಿದು ಭೂಮಿ ಹಿಂದಿರುಗುವ ದಿನ ಆ ಮಣ್ಣಿನ ಗುಣ ಬಲ್ಲವರು ಊರಿನಲ್ಲಿ ಇರಬೇಕೆಂದರೆ, ಫಲಕಗಳ ಕೆಳಗಿನ ಹುಲ್ಲನ್ನೂ ಹರಿದುಹೋಗುವ ಮಳೆನೀರನ್ನೂ ಗಮನಿಸುವ ಕೆಲಸ ಈಗಿನಿಂದಲೇ ಯಾರದಾದರೂ ಹುದ್ದೆಯಾಗಬೇಕು. ಹೀಗೆ ನೋಡಿದರೆ ಸೌರ ಉದ್ಯಾನ ನನ್ನ ವಾದವನ್ನು ಬಲಪಡಿಸುತ್ತದೆ.

ಖರ್ಚಿನ ಮಾತಿಗೆ ಬರೋಣ. ಪಾವಗಡ ಮತ್ತು ಕೊರಟಗೆರೆಯಲ್ಲಿ ನಾಲ್ಕು ನಾಲ್ಕು, ಶಿರಾದಲ್ಲಿ ಐದು, ಮಧುಗಿರಿಯಲ್ಲಿ ಆರು, ಒಟ್ಟು 19 ಹೋಬಳಿ. ಹೋಬಳಿಗೆ ಇಬ್ಬರಂತೆ, ಒಬ್ಬರು ಕೃಷಿಗೆ, ಒಬ್ಬರು ನೀರು ಮತ್ತು ಮೇವಿಗೆ, 38 ಮಂದಿ. ತಿಂಗಳಿಗೆ 15,000 ರೂಪಾಯಿ ಕೊಟ್ಟರೆ ವರ್ಷಕ್ಕೆ 68 ಲಕ್ಷ 40 ಸಾವಿರ. ಸೌರ ಉದ್ಯಾನದ 13,000 ಎಕರೆಗೂ ಮೊದಲ ದರದಲ್ಲಿ ಬಾಡಿಗೆ ಹಿಡಿದರೆ ವರ್ಷಕ್ಕೆ 27 ಕೋಟಿ 30 ಲಕ್ಷವಾಗುತ್ತದೆ. ನಾನು ಕೇಳುತ್ತಿರುವುದು ಅದರ ನೂರಕ್ಕೆ ಎರಡೂವರೆ ಪಾಲಿನಷ್ಟು. ‘ಸ್ಟೂಡೆಂಟ್ ರೆಡಿ’ಯಲ್ಲಿ ಹಳ್ಳಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ನಿಗದಿಯಾದದ್ದು ತಿಂಗಳಿಗೆ 3,000 ರೂಪಾಯಿ. 2024ರ ಜನವರಿಯಲ್ಲಿ ಜಾರಿಗೆ ಬಂದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ಗರಿಷ್ಠ ಎರಡು ವರ್ಷ ಸಿಗುವುದೂ 3,000 ರೂಪಾಯಿಯೇ. ಎರಡು ವರ್ಷದ ಹೊಣೆಯನ್ನು ರಾಜ್ಯ ಈಗಾಗಲೇ ಒಪ್ಪಿಕೊಂಡಿದೆ ಎಂದಾಯಿತು. ಅದರ ಮೇಲೆ ಇನ್ನಷ್ಟು ಹಾಕಿ ಆ ಎರಡು ವರ್ಷವನ್ನು ಎರಡು ಮಳೆಗಾಲದ ಕೆಲಸವಾಗಿಸಲು ಅಡ್ಡಿಯೇನು? 2024ರ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ 500 ದೊಡ್ಡ ಕಂಪನಿಗಳನ್ನು ನೆಚ್ಚಿಕೊಂಡಿದೆ. ಪಾವಗಡದ ವೈ.ಎನ್. ಹೊಸಕೋಟೆಯಲ್ಲೋ ಶಿರಾದ ಹುಲಿಕುಂಟೆಯಲ್ಲೋ ಬೆಳೆದ ಹುಡುಗಿಗೆ ಅಂಥ ಕಂಪನಿಯ ಕಚೇರಿ ಬಹುಪಾಲು ಊರು ಬಿಟ್ಟ ಮೇಲೆಯೇ ಸಿಗುವಂಥದ್ದು.

ನೇಮಕದಲ್ಲಿ ಒಂದು ಅರ್ಹತೆಯನ್ನು ಬಿಡದೆ ನೋಡಬೇಕು. ಬಹುಪಾಲು ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಿ ಹೊಲದ ಮಾತು ಕನ್ನಡದಷ್ಟೇ ತೆಲುಗು. 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ಕಡಲೆಕಾಯಿಯನ್ನು ದಶಕಗಟ್ಟಲೆ ಬಿತ್ತಿದ ಈ ಸೀಮೆಗೆ ಗಡಿಯಾಚೆಯ ಕದಿರಿ ಸಂಶೋಧನಾ ಕೇಂದ್ರದ ತಳಿಗಳು ಹತ್ತಿರದ ನೆಂಟರು. ಎರಡೂ ನುಡಿ ಬಲ್ಲ ಸ್ಥಳೀಯ ಡಿಪ್ಲೊಮಾ ಪಡೆದವನು ಅಲ್ಲಿ ದೂರದ ಚಿನ್ನದ ಪದಕದವನಿಗಿಂತ ಹೆಚ್ಚು ಉಪಯುಕ್ತ.

ಇಂಥವರು ಎರಡು ವರ್ಷ ಕಳೆದು ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆಗೋ ಲೋಕಸೇವಾ ಆಯೋಗದ ಪರೀಕ್ಷೆಗೋ ಓದಿಕೊಂಡು ಹೊರಟುಹೋಗುತ್ತಾರೆ, ಆಗ ಉಳಿಯುವುದೇನು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹಲವರು ಹೋಗುತ್ತಾರೆ, ಹೋಗಲಿ. ಬೆಳೆಸಾಲದ ಅರ್ಜಿ ನೋಡುವ ಅಧಿಕಾರಿ ಕಡಲೆಕಾಯಿ ಸೋತ ವರ್ಷವನ್ನು ಹೊಲದಲ್ಲೇ ನಿಂತು ಕಂಡವನಾಗಿದ್ದರೆ ಆ ಬ್ಯಾಂಕಿಗೂ ರೈತನಿಗೂ ಒಳಿತೇ. ಉಳಿಯುವವರಿಗೆ ದಾರಿಗಳೂ ಇವೆ: 2002ರಿಂದ ಇರುವ ಕೃಷಿ ಚಿಕಿತ್ಸಾಲಯ ಯೋಜನೆ, ರೈತ ಉತ್ಪಾದಕ ಸಂಸ್ಥೆ, ಗೊಬ್ಬರ ಬೀಜದ ಅಂಗಡಿ. ಹುದ್ದೆಯ ಕೊನೆಯ ತಿಂಗಳು ಹಳಬರು ಹೊಸಬರ ಜೊತೆ ಅದೇ ಬಾವಿಗಳನ್ನು ಅಳೆದು, ಅದೇ ಹೊಲಗಳ ಮಣ್ಣನ್ನು ತೆಗೆದು, ಎರಡು ವರ್ಷದ ಪುಸ್ತಕವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಒಪ್ಪಿಸಿ ಹೋಗಬೇಕೆಂಬ ಷರತ್ತನ್ನು ನೇಮಕ ಪತ್ರದಲ್ಲೇ ಬರೆಯಬಹುದು. ಹಾಗಾದರೆ ಮೂರನೆಯ ಮಳೆಗಾಲಕ್ಕೆ ಬಂದವರು ಹಿಂದಿನ ಎರಡನ್ನು ಕೈಯಲ್ಲಿ ಹಿಡಿದೇ ಕೆಲಸ ಶುರುಮಾಡುತ್ತಾರೆ.